ಆರನೆಯ ಟ್ಯಾಂಕಿನ ಉಸಿರುಪೆಟ್ಟಿಗೆ

ನಮ್ಮೂರಿನಲ್ಲಿ ಗಾಳಿ ದಿನಕ್ಕೊಂದು ಸಲ ಇಳಿಯುತ್ತದೆ, ಒಂದು ಸಲ ಏರುತ್ತದೆ. ಮಧ್ಯಾಹ್ನ ಮೂರರ ಸುಮಾರಿಗೆ ಇಳಿಗಾಳಿ, ಗಾಳಿ ತೆಳುವಾಗುತ್ತದೆ. ಬೆಳಿಗ್ಗೆ ಬಿಸಿಲು ಮನೆಗಳ ಮಾಡಿನಿಂದ ಅಂಗಳಕ್ಕೆ ಇಳಿಯುವ ಹೊತ್ತಿಗೆ ಏರುಗಾಳಿ, ಗಾಳಿ ಮತ್ತೆ ದಟ್ಟವಾಗಿ ಒತ್ತುತ್ತದೆ. ಹುಟ್ಟಿದಾಗಿನಿಂದ ನೋಡಿಕೊಂಡು ಬಂದ ನಮಗೆ ಅದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಇಳಿಗಾಳಿಯಲ್ಲಿ ಬೇಳೆ ಬೇಯುವುದಿಲ್ಲವೆಂದು ಹೆಂಗಸರು ಅದಕ್ಕೆ ಮೊದಲೇ ಸಾರು ಇಳಿಸುತ್ತಾರೆ. ಕಿವಿ ಗುಂಯ್ ಎನ್ನುತ್ತದೆಂದು ಎಲ್ಲರ ಜೇಬಿನಲ್ಲೂ ಮಡಿಲಿನಲ್ಲೂ ಒಂದು ಹಿಡಿ ಹುರಿಗಡಲೆ ಇರುತ್ತದೆ, ಅಗಿಯುತ್ತಿದ್ದರೆ ಕಿವಿ ಬಿಡುತ್ತದೆ. ಕೂಸುಗಳ ಬಾಯಿಗೆ ಬೆಲ್ಲದ ಚೂರು. ಮದುವೆಯ ಮುಹೂರ್ತವನ್ನು ಆ ಹೊತ್ತಿಗೆ ಇಡುವುದಿಲ್ಲ, ಜಗಳವನ್ನೂ ಮುಂದಕ್ಕೆ ಹಾಕುತ್ತಾರೆ, ಏಕೆಂದರೆ ಕೂಗಾಡುವುದಕ್ಕೆ ಉಸಿರು ಸಾಲುವುದಿಲ್ಲ. ಪರವೂರಿನಿಂದ ಬಂದವರು ಬಸ್ಸಿನಿಂದ ಇಳಿದು ಕಿವಿ ಹಿಡಿದುಕೊಂಡು ನಿಂತರೆ, ಯಾರಾದರೂ ಹೋಗಿ ನಾಲ್ಕು ಕಾಳು ಹುರಿಗಡಲೆ ಕೊಟ್ಟು ಬರುತ್ತಾರೆ.

ಮುಚ್ಚಿದ ಮನೆ ಏರುಗಾಳಿಯನ್ನು ತಾಳುವುದಿಲ್ಲ. ಒಳಗಿನ ಗಾಳಿ ತೆಳುವಾಗಿರುತ್ತದೆ, ಹೊರಗಿನದು ಬಂದು ಒತ್ತುತ್ತದೆ, ಗೋಡೆ ಒಳಕ್ಕೆ ಬರುತ್ತದೆ. ಅದಕ್ಕೇ ಪ್ರತಿ ಮನೆಯ ಮಾಡಿನ ಮೇಲೂ ಒಂದು ಉಸಿರುಪೆಟ್ಟಿಗೆ. ಕಬ್ಬಿಣದ ಗೂಡು, ಅದರೊಳಗೆ ಎರಡು ತೂಕದ ತಟ್ಟೆಗಳು. ಒಳಗೆ ಒತ್ತಡ ಹೆಚ್ಚಿದರೆ ಒಂದು ತಟ್ಟೆ ಎದ್ದು ಗಾಳಿಯನ್ನು ಹೊರಗೆ ಬಿಡುತ್ತದೆ, ಕಡಿಮೆಯಾದರೆ ಇನ್ನೊಂದು ಎದ್ದು ಒಳಗೆ ಬಿಟ್ಟುಕೊಳ್ಳುತ್ತದೆ. ಸಮವಾದ ಕೂಡಲೇ ಟಪ್ ಎಂದು ಕೂರುತ್ತದೆ. ಆ ಸದ್ದು ಕೇಳಿದರೇ ನಮಗೆ ಬೆಳಗಾದ ಹಾಗೆ.

ಊರಾಚೆಯ ಎಣ್ಣೆ ಡಿಪೋದಲ್ಲಿ ಒಂಬತ್ತು ಟ್ಯಾಂಕುಗಳಿದ್ದವು. ಕಡಲೆಕಾಯಿ ಎಣ್ಣೆ, ಹರಳೆಣ್ಣೆ, ಹುಚ್ಚೆಳ್ಳೆಣ್ಣೆ. ಒಂದೊಂದು ಟ್ಯಾಂಕಿನ ನೆತ್ತಿಯ ಮೇಲೂ ಆಳೆತ್ತರದ ಉಸಿರುಪೆಟ್ಟಿಗೆ. ಎಣ್ಣೆಯ ಆವಿ ತಟ್ಟೆಗಳಿಗೆ ಮೆತ್ತಿ ಅಂಟಾಗುತ್ತದೆ, ಅಂಟಾದರೆ ತಟ್ಟೆ ಏಳುವುದಿಲ್ಲ. ಹಾಗಾಗಿ ವಾರಕ್ಕೊಮ್ಮೆ ಮೇಲೆ ಹತ್ತಿ ಒರೆಸಬೇಕು. ಟ್ಯಾಂಕಿನ ಮೇಲಿನ ತಗಡು ತೆಳು, ದಪ್ಪ ಆಳು ಕಾಲಿಟ್ಟರೆ ತಗ್ಗುತ್ತದೆ ಎಂದು ಆ ಕೆಲಸಕ್ಕೆ ಹೆಂಗಸರನ್ನೇ ಇಟ್ಟುಕೊಳ್ಳುತ್ತಿದ್ದರು. ನನ್ನ ಗಂಡ ತೀರಿಕೊಂಡ ಮೇಲೆ, ಮಗಳು ಸುಗುಣ ಇನ್ನೂ ಮೊಲೆ ಬಿಡದ ಮಗುವಾಗಿದ್ದಾಗ, ನಾನು ಅಲ್ಲಿ ಸೇರಿಕೊಂಡೆ.

ನನಗೆ ಕೆಲಸ ಕಲಿಸಿದವಳು ಸಾಕಮ್ಮ. ನನಗಿಂತ ಹತ್ತು ವರ್ಷ ದೊಡ್ಡವಳು, ನಾನು ಅಕ್ಕ ಎನ್ನುತ್ತಿದ್ದೆ. ತಟ್ಟೆಯನ್ನು ಅವಳು ಒರೆಸುತ್ತಿದ್ದುದನ್ನು ನೋಡಬೇಕಿತ್ತು. ಎಳೆಗೂಸಿನ ತಲೆ ಒರೆಸುವ ಹಾಗೆ, ಅಂಗೈ ತುಂಬ ಬಟ್ಟೆ ಹಿಡಿದು, ನಡುವಿನಿಂದ ಅಂಚಿಗೆ. ಕೊನೆಗೆ ಬೆರಳಿನಿಂದ ಮುಟ್ಟಿ ಮೂಗಿಗೆ ಹಿಡಿದು, ವಾಸನೆ ಹೋಗಿದ್ದರೆ ಮಾತ್ರ ಮುಚ್ಚಳ ಹಾಕುತ್ತಿದ್ದಳು. "ಇಳಿಗಾಳೀಲಿ ಏಣಿ ಹತ್ಬ್ಯಾಡ ಕಣೆ ದೇವೀರಿ. ತಲೆ ತಿರುಗ್ತದೆ, ಬಿದ್ರೆ ಕೇಳೋರಿಲ್ಲ" ಎನ್ನುವುದು ಅವಳು ಕಲಿಸಿದ ಮೊದಲ ಪಾಠ. ಅವಳ ಗಂಡ ಮರಿಸ್ವಾಮಿ ಅಲ್ಲೇ ಬಣ್ಣ ಬಳಿಯುವ ಕೆಲಸದವನು. ಮಕ್ಕಳಿರಲಿಲ್ಲ. ಮಧ್ಯಾಹ್ನ ಒಂದೇ ಡಬ್ಬಿ ಬಿಚ್ಚಿ ಇಬ್ಬರೂ ಉಣ್ಣುತ್ತಿದ್ದರು. ಅವನ ಕೈಗೆ ಬಣ್ಣ ಮೆತ್ತಿರುತ್ತಿತ್ತೆಂದು ಅವಳೇ ತುತ್ತು ಮಾಡಿ ಕೊಡುವಳು. ನಾವು ನಕ್ಕರೆ ಅವನು ಕಿವಿಯವರೆಗೂ ಕೆಂಪಾಗಿ, "ನಗ್ರವ್ವ, ನಗ್ರಿ" ಎಂದು ಬಾಯಿ ತೆರೆಯುತ್ತಿದ್ದ.

ಆ ವರ್ಷ ಟ್ಯಾಂಕುಗಳಿಗೆಲ್ಲ ಹೊಸ ಬಣ್ಣ. ಮೇಲ್ಭಾಗಕ್ಕೆ ಬಳಿಯುವಾಗ ತಟ್ಟೆಗಳ ಮೇಲೆ ಬಣ್ಣ ಬೀಳಬಾರದೆಂದು ಮರಿಸ್ವಾಮಿ ಪೆಟ್ಟಿಗೆಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಹುರಿಯಲ್ಲಿ ಕಟ್ಟುತ್ತಿದ್ದ. ಬಣ್ಣ ಒಣಗಿದ ಮೇಲೆ, ಮಾರನೆಯ ದಿನದ ಏರುಗಾಳಿಗೆ ಮೊದಲು, ಅದನ್ನು ಬಿಚ್ಚುವುದು ನಮ್ಮ ಜವಾಬ್ದಾರಿ. ಇಳಿಗಾಳಿಗೆ ಹಾಳೆ ಉಬ್ಬಿ ಸಂದಿಯಲ್ಲಿ ಒಂದಿಷ್ಟು ಗಾಳಿ ಬಿಟ್ಟೀತು, ಏರುಗಾಳಿಗೆ ಹಾಗಲ್ಲ. ಒಳಕ್ಕೆ ಹೀರಿಕೊಂಡು ಬಾಯಿ ಮುಚ್ಚಿಬಿಡುತ್ತದೆ.

ಅದು ಗುರುವಾರ. ಐದನೆಯ ಮತ್ತು ಆರನೆಯ ಟ್ಯಾಂಕಿನ ಹಾಳೆ ಬಿಚ್ಚುವುದಿತ್ತು. ಸಾಕಕ್ಕನಿಗೆ ಮಂಡಿ ಊದಿತ್ತು. "ನೀನು ಕೂತ್ಕೊ ಅಕ್ಕ, ನಾನು ಹತ್ತಿ ಬರ್ತೀನಿ" ಎಂದೆ. ಎಂದವಳು ಕೂಡಲೇ ಹೋಗಲಿಲ್ಲ. ಗೇಟಿನ ಹತ್ತಿರ ಬಳೆಗಾರ ಬಂದಿದ್ದ, ಸುಗುಣನ ಜಡೆಗೆ ಎರಡು ಗಜ ಹಸಿರು ಟೇಪು ಆರಿಸುತ್ತ ನಿಂತೆ. ಐದನೆಯದನ್ನು ಬಿಚ್ಚಿ ಇಳಿದು ಆರನೆಯದರ ಏಣಿಯ ಅರ್ಧಕ್ಕೆ ಬರುವಷ್ಟರಲ್ಲಿ ಇಳಿಗಾಳಿ ಶುರುವಾಯಿತು. ಕಿವಿ ಕಟ್ಟಿತು, ತಲೆ ತಿರುಗಿತು. ನಾಳೆ ಬೆಳಿಗ್ಗೆ ಏರುಗಾಳಿಗೆ ಮುಂಚೆ ಬಂದು ಬಿಚ್ಚಿದರಾಯಿತು ಎಂದುಕೊಂಡು ಇಳಿದೆ.

"ಎರಡೂ ಬಿಚ್ಚಿದೇನೇ?" ಎಂದಳು ಸಾಕಕ್ಕ.

"ಹ್ಞೂಂ ಅಕ್ಕ."

ಇಲ್ಲ ಎಂದಿದ್ದರೆ ಆ ಊದಿದ ಮಂಡಿಯಲ್ಲೇ ತಾನು ಹತ್ತುತ್ತಿದ್ದಳು, ಅದಕ್ಕೇ ಹಾಗೆಂದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಟೇಪು ಕೊಳ್ಳುತ್ತ ನಿಂತದ್ದಕ್ಕೆ ಬೈಸಿಕೊಳ್ಳುವುದು ಬೇಡವಾಗಿತ್ತು, ಅಷ್ಟೆ.

ಶುಕ್ರವಾರ ಬೆಳಿಗ್ಗೆ ಬೇಗನೇ ಎದ್ದೆ. ಹೊರಡುವಾಗ ಸುಗುಣ ಬಾಗಿಲಿಗೆ ಅಡ್ಡ ನಿಂತಳು. ಆಗ ಅವಳಿಗೆ ಒಂಬತ್ತು. ಹೊಸ ಟೇಪು ಹಾಕಿ ಎರಡು ಜಡೆ ಹೆಣೆಯದೆ ಶಾಲೆಗೆ ಹೋಗುವುದಿಲ್ಲವೆಂದು ಹಟ. ಬೈದೆ, ಅತ್ತಳು, ಕೂರಿಸಿಕೊಂಡು ಹೆಣೆದೆ. ಎರಡು ಜಡೆ ಹೆಣೆಯುವುದಕ್ಕೆ ಎಷ್ಟು ಹೊತ್ತು ಬೇಕು? ಮನೆಯಿಂದ ಓಡಿದೆ. ಡಿಪೋದ ಗೇಟು ದಾಟುವಾಗ ಬಿಸಿಲು ಅಂಗಳಕ್ಕೆ ಇಳಿದಾಗಿತ್ತು. ಅವತ್ತು ಲಾರಿಗಳು ಮುಂಚೆಯೇ ಬಂದಿದ್ದವು, ಆರನೆಯ ಟ್ಯಾಂಕಿನಿಂದ ಎಣ್ಣೆ ಎಳೆಯಲು ಪಂಪು ಹಾಕಿದ್ದರು. ಒಳಗೆ ಎಣ್ಣೆ ಇಳಿಯುತ್ತಿದೆ, ಹೊರಗೆ ಗಾಳಿ ಏರುತ್ತಿದೆ, ಮೇಲೆ ಬಾಯಿ ಕಟ್ಟಿದೆ.

ಮರಿಸ್ವಾಮಿ ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಕೂತು ಟ್ಯಾಂಕಿನ ಪಕ್ಕಕ್ಕೆ ಆರು ಎಂದು ಅಂಕಿ ಬರೆಯುತ್ತಿದ್ದ. ನಾನು ಕೂಗಿದೆನೋ ಇಲ್ಲವೋ ಈಗಲೂ ನೆನಪಿಲ್ಲ. ಸದ್ದು ಮಾತ್ರ ನೆನಪಿದೆ, ಖಾಲಿ ಡಬ್ಬವನ್ನು ಯಾರೋ ತುಳಿದ ಹಾಗೆ. ಅಷ್ಟು ದೊಡ್ಡ ಟ್ಯಾಂಕು ಸೊಂಟ ಮುರಿದವರಂತೆ ಒಳಕ್ಕೆ ಕುಸಿಯಿತು. ಹಗ್ಗ ಕಟ್ಟಿದ್ದ ಮೇಲಿನ ಕಂಬಿ ವಾಲಿತು, ಹಗ್ಗ ಸಡಿಲಾಯಿತು, ಹಲಗೆ ಬರಿದಾಯಿತು.

ಎಲ್ಲರೂ ಅವನತ್ತ ಓಡಿದರು. ಸಾಕಕ್ಕ ಒಂದನೆಯ ಟ್ಯಾಂಕಿನ ಹತ್ತಿರವಿದ್ದವಳು ಕುಂಟುತ್ತ, ಬೀಳುತ್ತ ಓಡಿಬಂದಳು. ನಾನು ಓಡಿದ್ದು ಏಣಿಯತ್ತ. ಏಣಿ ಸೊಟ್ಟಗಾಗಿತ್ತು, ಆದರೂ ಹತ್ತಿದೆ. ಹಾಳೆ ಪೆಟ್ಟಿಗೆಗೆ ಎರಡನೆಯ ಚರ್ಮದಂತೆ ಅಂಟಿಕೊಂಡಿತ್ತು. ಹುರಿ ಕಡಿದು ಹರಿದೆ. ತಟ್ಟೆ ಎದ್ದು, ಟ್ಯಾಂಕು ಒಂದು ದೊಡ್ಡ ಉಸಿರನ್ನು ಒಳಕ್ಕೆ ಎಳೆದುಕೊಂಡಿತು. ಕೆಳಗೆ ಸಾಕಕ್ಕ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಇಲ್ನೋಡು, ಇಲ್ನೋಡು" ಎನ್ನುತ್ತಿದ್ದುದು ಮೇಲಿನವರೆಗೂ ಕೇಳುತ್ತಿತ್ತು. ನಾನು ಆ ಹಾಳೆಯನ್ನು ಮಡಚಿ, ಮಡಚಿ, ಸೀರೆಯ ಒಳಗೆ ಸೊಂಟಕ್ಕೆ ಸಿಕ್ಕಿಸಿಕೊಂಡೆ. ನಾನು ಇಳಿಯುವಷ್ಟರಲ್ಲಿ ಅವನ ಉಸಿರು ನಿಂತಿತ್ತು. "ತಟ್ಟೆ ಬಿಡಿಸೋಕೆ ಹೋಗಿದ್ದೆ" ಎಂದೆ. ಪಾಪ, ಜೀವದ ಆಸೆ ಬಿಟ್ಟು ಹತ್ತಿದಳು ಎಂದರು ಜನ.

ತನಿಖೆಗೆ ಬಂದ ಸಾಹೇಬರು ದಪ್ಪಗಿದ್ದರು, ಮೇಲೆ ಹತ್ತಲಿಲ್ಲ. ತಟ್ಟೆಯನ್ನು ಬಿಚ್ಚಿಸಿ ಕೆಳಗೆ ತರಿಸಿ ಬೆರಳಿನಿಂದ ಮುಟ್ಟಿದರು. ಒರೆಸಿ ಐದಾರು ದಿನವಾದ ಯಾವ ತಟ್ಟೆಗಾದರೂ ಒಂದಿಷ್ಟು ಅಂಟು ಇದ್ದೇ ಇರುತ್ತದೆ. "ಇದನ್ನ ಒರೆಸೋರು ಯಾರು?" ಎಂದರು.

"ನಾನೇ ಸ್ವಾಮಿ" ಎಂದಳು ಸಾಕಕ್ಕ. ಗಂಡನನ್ನು ಮಣ್ಣು ಮಾಡಿ ಎರಡು ದಿನವಾಗಿತ್ತು.

"ಯಾವಾಗ ಒರೆಸಿದ್ದು?"

"ಮಂಗಳವಾರ."

"ನೆನಪಿದೆಯಾ? ಖಂಡಿತವಾಗಿ ಒರೆಸಿದ್ದೆಯಾ?"

ಅವಳು ತನ್ನ ಅಂಗೈ ನೋಡಿಕೊಂಡಳು. ಹದಿನೆಂಟು ವರ್ಷದ ಮಂಗಳವಾರಗಳಲ್ಲಿ ಆ ಒಂದು ಮಂಗಳವಾರವನ್ನು ಹುಡುಕುತ್ತಿದ್ದಾಳೆಂದು ನನಗೆ ತಿಳಿಯಿತು. "ಒರೆಸಿರಬೇಕು ಸ್ವಾಮಿ" ಎಂದಳು ಕೊನೆಗೆ. 'ಒರೆಸಿರಬೇಕು' ಎನ್ನುವುದನ್ನು ಸಾಹೇಬರು ಒರೆಸಿಲ್ಲವೆಂದು ಬರೆದುಕೊಂಡರು. ನಾನು ಅವಳ ಪಕ್ಕದಲ್ಲೇ ನಿಂತಿದ್ದೆ.

ಯಾರು ನೋಡಿಕೊಳ್ಳುವ ಪೆಟ್ಟಿಗೆ ಕಟ್ಟಿಕೊಂಡು ಜೀವ ಹೋಗುತ್ತದೋ ಅವರ ಮನೆಯ ಮೇಲೆ ಪೆಟ್ಟಿಗೆ ಇರಕೂಡದು ಎನ್ನುವುದು ನಮ್ಮೂರ ಕಟ್ಟಳೆ. ಯಾರು ಮಾಡಿದ್ದೋ, ಯಾವಾಗ ಮಾಡಿದ್ದೋ. ಹನ್ನೊಂದನೆಯ ದಿನ ಬಂದು ಸಾಕಕ್ಕನ ಮಾಡಿನ ಮೇಲಿನ ಪೆಟ್ಟಿಗೆ ಇಳಿಸಿಕೊಂಡು ಹೋದರು. ಪೆಟ್ಟಿಗೆಯಿಲ್ಲದ ಮನೆಯ ಬಾಗಿಲು ಮುಚ್ಚುವಂತಿಲ್ಲ. ಮರೆತು ಮುಚ್ಚಿ ಮಲಗಿದರೆ ಬೆಳಿಗ್ಗೆ ಗೋಡೆ ಮೈಮೇಲೆ. ಹಾಗಾಗಿ ಬಾಗಿಲನ್ನೇ ಕಿತ್ತರು, ಕಿಟಕಿಯ ರೆಕ್ಕೆಗಳನ್ನೂ ಕಿತ್ತರು. ಕೆಲಸವೂ ಹೋಯಿತು.

ಹನ್ನೊಂದು ವರ್ಷ ಅವಳು ಆ ಮನೆಯಲ್ಲಿದ್ದಳು. ಮಳೆ ಹೊಸ್ತಿಲು ದಾಟಿ ಒಳಗೆ ಬರುತ್ತಿತ್ತು. ಬೀದಿನಾಯಿಗಳು ಬಂದು ಅವಳ ಕಾಲ ಬುಡದಲ್ಲಿ ಮಲಗುತ್ತಿದ್ದವು. ಅವಳು ತಲೆ ಬಾಚುವುದನ್ನು, ಉಣ್ಣುವುದನ್ನು, ಜ್ವರದಲ್ಲಿ ನರಳುವುದನ್ನು ದಾರಿಯಲ್ಲಿ ಹೋಗುವವರೆಲ್ಲ ನೋಡುತ್ತಿದ್ದರು. ಸೀರೆಯೊಂದನ್ನು ಅಡ್ಡ ಕಟ್ಟಿಕೊಂಡು ಅದರ ಹಿಂದೆ ಬಟ್ಟೆ ಬದಲಾಯಿಸುವಳು, ಏರುಗಾಳಿಗೆ ಅದೂ ನಿಲ್ಲುತ್ತಿರಲಿಲ್ಲ. ನಾನು ಹಬ್ಬಕ್ಕೆ ಹೋಳಿಗೆ ಕೊಂಡೊಯ್ಯುತ್ತಿದ್ದೆ, ಚಳಿಗೆ ಕಂಬಳಿ ಕೊಟ್ಟೆ. ಅವಳು ಕೈಹಿಡಿದು, "ನೀನೊಬ್ಳು ಇದ್ದೀಯಲ್ಲ ದೇವೀರಿ" ಎನ್ನುತ್ತಿದ್ದಳು. ಮಾತಿನ ನಡುವೆ ಒಮ್ಮೊಮ್ಮೆ ಬಲಗೈಯನ್ನು ಗಾಳಿಯಲ್ಲಿ ನಡುವಿನಿಂದ ಅಂಚಿಗೆ ಆಡಿಸುವಳು. "ಅವತ್ತು ಬಟ್ಟೆ ಹಿಂಡಿ ಒಣಗಾಕಿದ್ದು ನೆನಪದೆ ಕಣೆ. ಬಟ್ಟೆ ಹಿಂಡಿದ್ಮ್ಯಾಕೆ ಒರೆಸೇ ಇರ್ಬೇಕಲ್ವಾ? ಇಲ್ಲಾ, ಅದು ಸೋಮವಾರವೋ?" ಎಂದು ಕೇಳುವಳು. ನಾನು, "ಬುಡಕ್ಕ, ಹೋದದ್ದು ಹೋಯ್ತು" ಎನ್ನುತ್ತಿದ್ದೆ. ನನ್ನ ಮನೆಗೆ ಬಂದು ಬಾಗಿಲು ಹಾಕಿಕೊಳ್ಳುತ್ತಿದ್ದೆ.

ನಾನು ಡಿಪೋದ ಏಣಿ ಹತ್ತುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಸುಗುಣನಿಗೆ ಇಪ್ಪತ್ತು ತುಂಬಿದ ವರ್ಷ ಅವಳಿಗೂ ಡಿಪೋದಲ್ಲಿ ಕೆಲಸವಾಯಿತು. ಮೊದಲ ದಿನ ಮುಗಿಸಿ ಬಂದವಳು ಖುಷಿಯಲ್ಲಿದ್ದಳು. ಮೇಲ್ವಿಚಾರಕ ಜವರಪ್ಪನವರು ಹೊಸ ಹುಡುಗಿಯರನ್ನು ಕುಸಿದ ಟ್ಯಾಂಕಿನ ಮುಂದೆ ನಿಲ್ಲಿಸಿ ಪಾಠ ಹೇಳಿದರಂತೆ.

"ಏನ್ ಹೇಳ್ಕೊಟ್ರು ಗೊತ್ತೇನಮ್ಮ? 'ಸೋಮಾರಿ ಸಾಕಮ್ಮನ ಥರ ಆಗ್ಬ್ಯಾಡ್ರಿ. ಗಂಡನ್ನೇ ತಿಂದ್ಳು' ಅಂತ. ನಾವೆಲ್ಲ ಹಂಗೇ ಹೇಳ್ಬೇಕು, ದಿನಾ ಮೂರು ಸಲ. ಹೇಳಿ ಆಮೇಲೆ ಏಣಿ ಹತ್ಬೇಕು."

"ನೀನೂ ಹೇಳಿದ್ಯಾ?"

"ಎಲ್ರೂ ಹೇಳಿದ್ರು, ನಾನೂ ಹೇಳ್ದೆ. ಯಾಕಮ್ಮ?"

ನನ್ನ ಮಗಳ ಬಾಯಲ್ಲಿ ಆ ಮಾತು ಕೇಳಿದ ಮೇಲೆ ಮೂರು ದಿನ ಹೇಗೋ ತಳ್ಳಿದೆ. ನಾಲ್ಕನೆಯ ದಿನ ಬೆಳಿಗ್ಗೆ ಎದ್ದು ಸಾಕಕ್ಕನ ಮನೆಗೆ ಹೋದೆ. ಅವಳು ಮೊರದಲ್ಲಿ ರಾಗಿ ಕೇರುತ್ತಿದ್ದಳು. ಕೂತ್ಕೊ ಎಂದಳು. ನಾನು ನಿಂತೇ ಹೇಳಿದೆ, ಟೇಪು ಕೊಂಡದ್ದರಿಂದ ಹಾಳೆಯನ್ನು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಕೆಳಗೆ ಹೂತದ್ದರವರೆಗೆ. ಅವಳು ಕೇರುವುದನ್ನು ನಿಲ್ಲಿಸಿ ಮೊರವನ್ನು ಮೆಲ್ಲಗೆ ಕೆಳಗಿಟ್ಟಳು.

"ಹಂಗಾರೆ ನಾನು ಒರೆಸಿದ್ದೆ" ಎಂದಳು.

"ಹ್ಞೂಂ ಅಕ್ಕ."

"ಮಂಗಳವಾರ ನಾನು ಒರೆಸಿದ್ದೆ."

"ನೀನು ಒರೆಸಿದ್ದೆ ಅಕ್ಕ. ತಟ್ಟೆ ಚೊಕ್ಕವಾಗಿತ್ತು. ಹಾಳೆ ಹರಿದ ಕೂಡ್ಲೇ ಎದ್ದಿತು, ನಾನೇ ನೋಡ್ದೆ."

"ಒರೆಸಿದ್ದೆ" ಎಂದು ಮತ್ತೊಮ್ಮೆ ಹೇಳಿದಳು, ನನಗಲ್ಲ. ಅವಳ ಮುಖ ಒಂದು ಗಳಿಗೆ ಎಳೆಯ ಹುಡುಗಿಯ ಮುಖದಂತಾಯಿತು. ಆಮೇಲೆ ಅದು ನಿಧಾನವಾಗಿ ಬೇರೆಯಾಯಿತು, ನಾನು ನೋಡಲಾರದೆ ತಲೆ ತಗ್ಗಿಸಿದೆ. ಬೈಯಲಿ, ಹೊಡೆಯಲಿ ಎಂದು ಕಾದೆ. ಅವಳು ಕೇಳಿದ್ದು ಇಷ್ಟೆ. "ಅವನು ನನ್ ತೊಡೆ ಮ್ಯಾಲೆ ಜೀವ ಬಿಡ್ವಾಗ ನೀನು ಮ್ಯಾಲೆ ಹಾಳೆ ಮಡಚ್ತಿದ್ದೆಯಾ?"

"ಹ್ಞೂಂ."

"ನಂಗ್ಯಾಕೆ ಬಂದು ಹೇಳ್ತಿದೀಯಾ? ಬರ್ಕೊಂಡೋರ್ಗೆ ಹೋಗಿ ಹೇಳು." ಮೊರವನ್ನು ಎತ್ತಿಕೊಂಡಳು. "ನಿನ್ ಕಂಬಳಿ ಅಲ್ಲೇ ಅದೆ, ತಗೊಂಡ್ಹೋಗು."

ಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡೇ ಡಿಪೋಗೆ ಹೋದೆ. ಜವರಪ್ಪನವರು ಕೇಳಿಸಿಕೊಂಡು ಕನ್ನಡಕ ತೆಗೆದು ಒರೆಸಿದರು. "ಹನ್ನೊಂದು ವರ್ಷ ಆಯ್ತಲ್ಲಮ್ಮ. ಅವಳೂ ಒಗ್ಗಿಕೊಂಡವ್ಳೆ, ಊರೂ ಒಗ್ಗಿಕೊಂಡಿದೆ. ಮಗಳಿಗೆ ಈಗ್ತಾನೆ ಕೆಲಸ ಆಗಿದೆ. ಮನೇಗೆ ಹೋಗು" ಎಂದರು. ಆ ಮಾತನ್ನು ಕೇಳುವುದಕ್ಕೇ ನಾನು ಹೋಗಿದ್ದೆನೇನೋ, ಒಂದು ಗಳಿಗೆ ಎದೆ ಹಗುರಾಯಿತು. ಹೊರಕ್ಕೆ ಬಂದೆ. ಹುಡುಗಿಯರು ಕುಸಿದ ಟ್ಯಾಂಕಿನ ಮುಂದೆ ಸಾಲಾಗಿ ನಿಂತು ಸಾಕಕ್ಕನ ಹೆಸರು ಹೇಳುತ್ತಿದ್ದರು. ಒಮ್ಮೆ. ಎರಡನೆಯ ಸಲ. ಮೂರನೆಯ ಸಲಕ್ಕೆ ನಾನು ಅವರ ಮುಂದೆ ಹೋಗಿ ನಿಂತಿದ್ದೆ.

ಎಲ್ಲವನ್ನೂ ಹೇಳಿದೆ. ಲಾರಿಯವರು, ಪಂಪಿನವರು, ಗೇಟಿನವರು ಬಂದು ಸುತ್ತ ನಿಂತರು. ಹೇಳುತ್ತ ಹೇಳುತ್ತ ಆ ಬೆಳಗಿನ ತಡವನ್ನೂ ಹೇಳಬೇಕಾಯಿತು, ಹಸಿರು ಟೇಪನ್ನೂ, ಎರಡು ಜಡೆಗಳನ್ನೂ. ಸಾಲಿನ ಕೊನೆಯಲ್ಲಿ ಸುಗುಣ ನಿಂತಿದ್ದಳು. ಅವಳ ಕೈ ತಾನಾಗಿ ಜಡೆಯ ಹತ್ತಿರ ಹೋದದ್ದನ್ನು ನೋಡಿದೆ. ಬಾಯಿಗೆ ಬಂದ ಮಾತನ್ನು ಒಳಕ್ಕೆ ತಳ್ಳುವುದು ಇನ್ನು ಸಾಧ್ಯವಿರಲಿಲ್ಲ.

ಮೂರು ದಿನದೊಳಗೆ ನನ್ನ ಮಾಡಿನ ಮೇಲಿನ ಪೆಟ್ಟಿಗೆಯನ್ನು ಇಳಿಸಿದರು. ಅದನ್ನೇ ಹೊತ್ತುಕೊಂಡು ಹೋಗಿ ಸಾಕಕ್ಕನ ಮಾಡಿಗೆ ಕೂರಿಸಿದರು. ನನ್ನ ಬಾಗಿಲು ಅವಳ ಬಾಗಿಲುವಾಡಕ್ಕೆ ದೊಡ್ಡದಾಯಿತೆಂದು ಬಡಗಿ ಒಂದು ಗೇಣು ಕತ್ತರಿಸಿದ. ಊರಿನವರು ಅಂಗಳದಲ್ಲಿ ಸೇರಿದ್ದರು. ಯಾರೋ ಹೂ ತಂದಿದ್ದರು, ಯಾರೋ ಬಾಳೆಹಣ್ಣು. ಹನ್ನೊಂದು ವರ್ಷ ಅವಳ ಮನೆಯೊಳಕ್ಕೆ ಇಣುಕಿದ್ದ ಜನ ಅವತ್ತು ಅವಳ ಮುಖ ನೋಡಲಾರದೆ ಬಡಗಿಯ ಉಳಿಯನ್ನು ನೋಡುತ್ತಿದ್ದರು. ಅವಳು ಹೂವನ್ನಾಗಲಿ ಹಣ್ಣನ್ನಾಗಲಿ ಮುಟ್ಟಲಿಲ್ಲ. ಬಡಗಿಗೊಬ್ಬನಿಗೆ ನೀರು ಕೊಟ್ಟಳು. ಒಳಗೆ ಹೋದಳು, ಬಾಗಿಲು ಹಾಕಿದಳು, ಅಗುಳಿ ಸರಿಯಿತು. ಅಷ್ಟು ಜನ ನಿಂತಿದ್ದರೂ ಅಗುಳಿಯ ಸದ್ದು ಬೀದಿಯ ಕೊನೆಯವರೆಗೂ ಕೇಳಿಸಿತು. ಎರಡು ದಿನ ಆ ಬಾಗಿಲು ತೆರೆಯಲಿಲ್ಲ. ಒಳಗಿನಿಂದ ಅಳುವ ಸದ್ದು ಬರುತ್ತಿತ್ತಂತೆ. ಅಳುವುದಕ್ಕೂ ಅವಳಿಗೆ ಅಷ್ಟು ವರ್ಷ ಮುಚ್ಚಿದ ಬಾಗಿಲು ಸಿಕ್ಕಿರಲಿಲ್ಲ.

ಸುಗುಣ ಬಟ್ಟೆ ಕಟ್ಟಿಕೊಂಡು ಡಿಪೋದ ಹೆಂಗಸರ ಕೊಠಡಿಗೆ ಹೋದಳು, ಕೆಲಸ ಮಾತ್ರ ಉಳಿಸಿಕೊಟ್ಟಿದ್ದರು. ಹದಿನೈದು ದಿನಕ್ಕೊಮ್ಮೆ ಬಂದು ಅಕ್ಕಿ ಬೇಳೆ ಇಟ್ಟು, ನೀರು ತುಂಬಿಸಿ ಹೋಗುತ್ತಾಳೆ. ಕೂದಲನ್ನು ಹಿಂದಕ್ಕೆ ಎಳೆದು ಗಂಟು ಹಾಕಿಕೊಂಡಿರುತ್ತಾಳೆ. ಅವಳು ಜಡೆ ಹಾಕಿದ್ದನ್ನು ನಾನು ಮತ್ತೆ ನೋಡಿಲ್ಲ.

ಬಾಗಿಲಿಲ್ಲದ ಮನೆ ಎಂದರೆ ಏನೆಂದು ಹೊರಗಿನಿಂದ ನೋಡಿದವರಿಗೆ ತಿಳಿಯುವುದಿಲ್ಲ, ಹನ್ನೊಂದು ವರ್ಷ ನೋಡಿದ ನನಗೂ ತಿಳಿದಿರಲಿಲ್ಲ. ಮೊದಲ ತಿಂಗಳು ನನಗೆ ಒಂದು ಬೆಳಿಗ್ಗೆಯೂ ಬಿಸಿ ನೀರು ಸಿಗಲಿಲ್ಲ. ಒಲೆ ಹಚ್ಚಿ ಪಾತ್ರೆ ಇಡುವುದಕ್ಕೂ ಏರುಗಾಳಿ ನುಗ್ಗುವುದಕ್ಕೂ ಸರಿಹೋಗುತ್ತಿತ್ತು. ಬೂದಿ ಮುಖಕ್ಕೆ ಹಾರುತ್ತಿತ್ತು, ಉರಿ ಆರುತ್ತಿತ್ತು. ಮತ್ತೆ ಹಚ್ಚುವೆ, ಮತ್ತೆ ಆರುವುದು. ಹಾಗೆ ಒಂದು ದಿನ ನೆಲಕ್ಕೆ ಕೆನ್ನೆ ಹಚ್ಚಿ ಊದುತ್ತಿದ್ದಾಗ ಹೊಸ್ತಿಲ ಮೇಲೆ ನೆರಳು ಬಿತ್ತು. ಸಾಕಕ್ಕ ನಿಂತಿದ್ದಳು, ಕಂಕುಳಲ್ಲಿ ನೀರಿನ ಬಿಂದಿಗೆ. ನಾನು ಎದ್ದು ನಿಂತೆ. ಅವಳು ನನ್ನನ್ನು ನೋಡುತ್ತಿರಲಿಲ್ಲ, ಒಲೆಯನ್ನು ನೋಡುತ್ತಿದ್ದಳು.

"ಅಲ್ಲಿಟ್ರೆ ಹತ್ತಲ್ಲ" ಎಂದಳು. "ಗಾಳಿ ಎದುರ್ಗೋಡೆಗೆ ಬಡಿದು ವಾಪಸ್ ಬರ್ತದೆ. ಬಾಗಿಲ ಮಗ್ಗುಲು ಮೂಲೆಗಿಡು. ಅಲ್ಲಿಗೆ ಬರಲ್ಲ."

ನಾನು ಏನೋ ಹೇಳಲು ಹೋದೆ. ಅವಳು ಬಿಂದಿಗೆಯನ್ನು ಆ ಕಂಕುಳಿನಿಂದ ಈ ಕಂಕುಳಿಗೆ ಬದಲಾಯಿಸಿದಳು.

"ನಂಗೆ ಅದು ಗೊತ್ತಾಗೋಕೆ ಎರಡು ವರ್ಷ ಹಿಡೀತು" ಎಂದು ಹೇಳಿ ಹೊರಟುಹೋದಳು.

ಆಮೇಲೆ ಅವಳು ನನ್ನ ಮನೆಯ ಮುಂದೆ ನಿಂತದ್ದಿಲ್ಲ, ನಾನೂ ಕರೆದದ್ದಿಲ್ಲ. ಅವತ್ತು ಒಲೆಯ ಮೂರು ಕಲ್ಲುಗಳನ್ನೂ ಒಂದೊಂದಾಗಿ ಎತ್ತಿ ಬಾಗಿಲ ಮಗ್ಗುಲಿನ ಮೂಲೆಗೆ ಸಾಗಿಸಿದೆ. ಕಡ್ಡಿ ಗೀರಿದೆ. ಹೊರಗೆ ಏರುಗಾಳಿ ಬೀದಿಯ ತುಂಬ ಬೀಸುತ್ತಿತ್ತು. ಉರಿ ಒಂದು ಸಲ ಬಾಗಿತು, ಆಮೇಲೆ ನೆಟ್ಟಗೆ ನಿಂತುಕೊಂಡಿತು.